ರಾತ್ರಿ ಪಾಳಿಯ ಲೆಕ್ಕ



ಈ ದತ್ತಿ ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದಿದ್ದರು. ನರ್ಸ್‌ಗಳ ಬಗ್ಗೆ ಮಾತಾಡುತ್ತೇನೆ ಎಂದೆ, ಸಂಘಟಕರಿಗೆ ಸಂತೋಷವಾಯಿತು. ನರ್ಸ್‌ಗಳ ಯೂನಿಯನ್ ಬಗ್ಗೆ ಎಂದು ಬಿಡಿಸಿ ಹೇಳಿದಾಗ, ‘ಸೇವಾಭಾವದ ಕಡೆಗೂ ಸ್ವಲ್ಪ ಒತ್ತು ಕೊಡಿ ಮೇಡಂ’ ಎಂಬ ಸಲಹೆ ಬಂತು. ಅವರದೇನೂ ತಪ್ಪಿಲ್ಲ. ಪ್ರತಿ ಮೇ 12ಕ್ಕೆ ನಾವೆಲ್ಲ ಮಾಡಿಕೊಂಡು ಬಂದದ್ದು ಅದನ್ನೇ. ಮೋಂಬತ್ತಿ, ಪ್ರತಿಜ್ಞೆ, ಗುಲಾಬಿ, ಶಾಲು, ವೇದಿಕೆಯ ಮೇಲಿಂದ ‘ನೀವು ದೇವತೆಗಳು’ ಎಂಬ ಮಾತು. ದೇವತೆಗಳಿಗೆ ವಾರದ ರಜೆ ಕೊಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆಡಳಿತ ಮಂಡಳಿಗಳಿಗೆ ಅದೊಂದು ಅನುಕೂಲ. ಅಂದು ಯಾರ ಹುಟ್ಟುಹಬ್ಬವೋ ಆ ಫ್ಲಾರೆನ್ಸ್ ನೈಟಿಂಗೇಲ್ ದೀಪಕ್ಕಿಂತ ಹೆಚ್ಚು ಕಾಲ ಹಿಡಿದು ಕೂತದ್ದು ಅಂಕಿಸಂಖ್ಯೆಯ ಪಟ್ಟಿಗಳನ್ನು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಎಂದು 1858ರಲ್ಲಿ ನಕ್ಷೆ ಬರೆದು ತನ್ನ ಸರ್ಕಾರದ ಮುಂದೆ ಹರವಿದವಳು ಆಕೆ. ನಾನು ಆ ಲೆಕ್ಕದ ನೈಟಿಂಗೇಲ್ ಕಡೆಯವಳು.

ಕ್ಯಾಲಿಫೋರ್ನಿಯಾದ್ದಾಗಲಿ, ಮೆಲ್ಬರ್ನ್‌ನದ್ದಾಗಲಿ, ತ್ರಿಶೂರಿನದ್ದಾಗಲಿ, ನರ್ಸ್‌ಗಳ ಸಂಘಟನೆಯ ಸುತ್ತೋಲೆ ಕೈಗೆ ಸಿಕ್ಕರೆ ಓದಿ ನೋಡಿ. ಸಂಬಳದ ಮಾತು ಇದ್ದೇ ಇರುತ್ತದೆ. ಅದರ ಜೊತೆಗೆ ತಿರುತಿರುಗಿ ಬರುವ ಮಾತು ಮೂರು: ವಾರ್ಡ್‌ನಲ್ಲಿ ಎಷ್ಟು ಜನ ಇದ್ದೇವೆ, ಡ್ಯೂಟಿ ಪಟ್ಟಿ ಹೇಗಿದೆ, ಕೆಲಸದ ಜಾಗದಲ್ಲಿ ಮೈಗೆ ಮಾನಕ್ಕೆ ಭದ್ರತೆ ಇದೆಯೇ. ಇದು ನೌಕರರ ಗೋಳು, ಅವರವರಲ್ಲೇ ಬಗೆಹರಿಸಿಕೊಳ್ಳಲಿ ಎಂದು ನಾವು ಪಕ್ಕಕ್ಕಿಡುತ್ತೇವೆ. ನನ್ನ ವಾದ ಬೇರೆ. ಡ್ಯೂಟಿ ಪಟ್ಟಿ ಎಂಬುದು ಔಷಧದ ಚೀಟಿಯಷ್ಟೇ ಮುಖ್ಯವಾದ ಚಿಕಿತ್ಸೆಯ ಕಾಗದ. ಆ ಪಟ್ಟಿಯಲ್ಲಿ ಬರೆದಷ್ಟು ಜನ ರಾತ್ರಿ ಎರಡು ಗಂಟೆಗೆ ವಾರ್ಡ್‌ನಲ್ಲಿ ನಿಜವಾಗಿ ಇದ್ದಾರೆಯೇ ಎಂದು ಎಣಿಸಿ, ಇಲ್ಲದಿದ್ದರೆ ‘ಇಲ್ಲ’ ಎಂದು ಕೆಲಸ ಕಳೆದುಕೊಳ್ಳದೆ ಹೇಳುವ ಬಲ ಒಂಟಿ ನರ್ಸ್‌ಗೆ ಇರುವುದಿಲ್ಲ. ಆ ಬಲ ಸಂಘಟನೆಯಿಂದ ಬರಬೇಕು.

ಮೊದಲು ಲೆಕ್ಕ ಮಾಡೋಣ. ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಬರೆದುಕೊಂಡರೂ ಸರಿ.

ಮೂವತ್ತು ಹಾಸಿಗೆಯ ಒಂದು ಮೆಡಿಕಲ್ ವಾರ್ಡ್. ಯಾವ ಹೊತ್ತಿನಲ್ಲೂ ಆರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದಿಟ್ಟುಕೊಳ್ಳಿ. ಪಾಳಿಗೆ ಐವರಾಯಿತು. ಮೂರು ಪಾಳಿಗೆ ಹದಿನೈದು. ಹದಿನೈದು ಜನರನ್ನು ನೇಮಿಸಿದರೆ ಮುಗಿಯಿತೇ? ಆಸ್ಪತ್ರೆಗೆ ಭಾನುವಾರವಿಲ್ಲ, ದೀಪಾವಳಿಯಿಲ್ಲ. ವರ್ಷದ 365 ದಿನಕ್ಕೆ ಹದಿನೈದರಂತೆ 5,475 ಡ್ಯೂಟಿಗಳು ತುಂಬಬೇಕು. ಒಬ್ಬ ನರ್ಸ್ ವರ್ಷದಲ್ಲಿ ಎಷ್ಟು ದಿನ ಬರಬಲ್ಲಳು? ವಾರದ ರಜೆ 52 ಕಳೆಯಿರಿ. ಹಬ್ಬ, ಸಾಂದರ್ಭಿಕ ರಜೆ, ಗಳಿಕೆ ರಜೆ, ಜ್ವರ ಎಲ್ಲ ಸೇರಿ 55 ದಿನ ಎಂದು ಹಿಡಿಯಿರಿ. ಉಳಿದದ್ದು 258. 5,475ನ್ನು 258ರಿಂದ ಭಾಗಿಸಿದರೆ ಇಪ್ಪತ್ತೊಂದು ದಾಟುತ್ತದೆ, ಅಂದರೆ ಇಪ್ಪತ್ತೆರಡು ಜನ ಬೇಕು. ಹೆರಿಗೆ ರಜೆಯನ್ನು ನಾನಿನ್ನೂ ಸೇರಿಸಿಲ್ಲ, ರಾತ್ರಿ ಪಾಳಿ ಮುಗಿಸಿದವರ ನೈಟ್ ಆಫ್ ಸೇರಿಸಿಲ್ಲ. ಹೆಚ್ಚಿನವರು ಹೆಣ್ಣುಮಕ್ಕಳೇ ಆಗಿರುವ ವೃತ್ತಿಯಲ್ಲಿ ಹೆರಿಗೆ ರಜೆಯನ್ನು ಅನಿರೀಕ್ಷಿತ ಸಂಕಟ ಎಂಬಂತೆ ನೋಡುವ ಆಡಳಿತದ ಜಾಣ್ಮೆಗೆ ಏನು ಹೇಳೋಣ!

ಇದು ನಾನು ಹೊಸದಾಗಿ ಕಂಡುಹಿಡಿದ ಗಣಿತವಲ್ಲ. ಕೇಂದ್ರ ಹಣಕಾಸು ಸಚಿವಾಲಯದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ತೊಂಬತ್ತರ ದಶಕದ ಮೊದಲಲ್ಲೇ ನರ್ಸ್‌ಗಳ ಮಾನದಂಡ ಕೊಟ್ಟಾಗ, ಲೆಕ್ಕಕ್ಕೆ ಬಂದ ಹುದ್ದೆಗಳ ಮೇಲೆ ಶೇ. 45ರಷ್ಟು ಹೆಚ್ಚುವರಿ ಹುದ್ದೆ ಬೇಕು ಎಂದು ಬರೆದಿತ್ತು. ಹದಿನೈದರ ಶೇ. 45 ಎಂದರೆ ಆರೂಮುಕ್ಕಾಲು. ಸೇರಿಸಿದರೆ ಅದೇ ಇಪ್ಪತ್ತೆರಡು. ಖರ್ಚು ಕತ್ತರಿಸುವುದೇ ಕಸುಬಾಗಿದ್ದ ಇಲಾಖೆ ಕೂಡ ಇದಕ್ಕಿಂತ ಕೆಳಗಿಳಿಯಲು ಆಗಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಎಡವಟ್ಟು ಎಲ್ಲಿ? ಅನುಪಾತವನ್ನು ಓದುವ ರೀತಿಯಲ್ಲಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ಗೆ 1:3 ಎನ್ನುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ, ಮೂವರಿಗೆ ಒಬ್ಬರು. ಆದರೆ ಅದು ಮೂರು ಪಾಳಿಯೂ ಸೇರಿದ ಲೆಕ್ಕ. ಪಾಳಿಗೆ ಹಂಚಿದರೆ 1:9 ಎಂದು ಆ ಮಾನದಂಡವೇ ಹೇಳುತ್ತದೆ. ನಮ್ಮ ಮೂವತ್ತು ಹಾಸಿಗೆಯ ವಾರ್ಡ್‌ಗೆ ಇದನ್ನು ಹಾಕಿ. ದಿನಕ್ಕೆ ಹತ್ತು ಜನ. ಬೆಳಿಗ್ಗೆ ಡಾಕ್ಟರ ರೌಂಡ್ಸ್, ಡ್ರೆಸ್ಸಿಂಗ್, ಹಾಸಿಗೆ ಬದಲಾಯಿಸುವುದು, ಡಿಸ್ಚಾರ್ಜ್, ಹೊಸ ಅಡ್ಮಿಷನ್, ಐವರು ಬೇಕೇಬೇಕು. ಮಧ್ಯಾಹ್ನಕ್ಕೆ ಮೂವರು. ರಾತ್ರಿಗೆ ಉಳಿದವರು ಇಬ್ಬರು. ನಮ್ಮಲ್ಲಿ ಬಹಳ ಕಡೆ ರಾತ್ರಿ ಪಾಳಿ ಎಂದರೆ ಎಂಟರಿಂದ ಎಂಟು, ಹನ್ನೆರಡು ಗಂಟೆ. ಅಂದರೆ ದಿನದ ಒಟ್ಟು ಲೆಕ್ಕದಲ್ಲಿ ಮಾನದಂಡವನ್ನು ಪೂರ್ತಿ ಪಾಲಿಸಿಯೇ, ಅರ್ಧ ದಿನದ ಹೊತ್ತು ಹದಿನೈದು ರೋಗಿಗಳಿಗೆ ಒಬ್ಬಳು ನರ್ಸ್ ಎಂಬಲ್ಲಿಗೆ ಬಂದು ನಿಂತೆವು. ಇಬ್ಬರಲ್ಲಿ ಒಬ್ಬಳು ತುರ್ತು ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ದರೆ ಮೂವತ್ತಕ್ಕೆ ಒಬ್ಬಳು. ಮಾನದಂಡವೇ ಪಾಲನೆಯಾಗದ ಆಸ್ಪತ್ರೆಯ ಮಾತು ನಾನಿನ್ನೂ ಎತ್ತಿಲ್ಲ.

ಈ ಕೊರತೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮುಚ್ಚಿಡುವವರು ನಾವೇ. ರೋಗಿಯ ಕಡೆಯವರು ಎಂದು ಹಾಸಿಗೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಾರಲ್ಲ, ತಾಯಿಯೋ ಸೊಸೆಯೋ ಊರಿನಿಂದ ಕೆಲಸ ಬಿಟ್ಟು ಬಂದ ತಮ್ಮನೋ. ಬೆಡ್‌ಪ್ಯಾನ್ ಇಡುವುದು, ಮಗ್ಗುಲು ಬದಲಾಯಿಸುವುದು, ಟ್ಯೂಬಿನಲ್ಲಿ ಗಂಜಿ ಹಾಕುವುದು, ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ಡ್ರಿಪ್ ಖಾಲಿಯಾಗುತ್ತಿದೆ ಎಂದು ‘ಸಿಸ್ಟರ್, ಸಿಸ್ಟರ್’ ಎಂದು ಕೂಗುವುದು ಅವರೇ. ಭಾರತದ ಆಸ್ಪತ್ರೆಗಳು ನಿಂತಿರುವುದು ಈ ಸಂಬಳವಿಲ್ಲದ ನರ್ಸ್‌ಗಳ ಮೇಲೆ. ಎರಡನೆಯ ಮುಸುಕು ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು. ಕಲಿಯಲು ವಾರ್ಡ್‌ಗೆ ಬಂದ ಮಕ್ಕಳನ್ನು ಡ್ಯೂಟಿ ಪಟ್ಟಿಯಲ್ಲಿ ತುಂಬುವುದನ್ನು ನಾನು ಪಾಠ ಹೇಳುತ್ತಿದ್ದ ಕಾಲದುದ್ದಕ್ಕೂ ಕಂಡಿದ್ದೇನೆ. ಅವರಿಗೆ ಬಿಳಿ ಕೋಟು ಇದೆ, ಕೈ ಇದೆ; ಹೊಣೆ ಹೊರುವ ನೋಂದಣಿ ಇನ್ನೂ ಇಲ್ಲ. ತಪಾಸಣೆಯ ದಿನ ವಾರ್ಡ್‌ನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ನರ್ಸ್‌ಗಳು ಕಾಣಿಸುವ ಪವಾಡದ ಬಗ್ಗೆ ಹಿಂದಿನ ಸಾಲಿನಲ್ಲಿ ಕುಳಿತ ಸಿಸ್ಟರ್‌ಗಳು ನಗುತ್ತಿದ್ದಾರೆ, ಮುಂದೆ ಹೋಗೋಣ.

ಈ ಲೆಕ್ಕಕ್ಕೆ ಕಾನೂನಿನ ಬಲ ಕೊಟ್ಟವರು ಕ್ಯಾಲಿಫೋರ್ನಿಯಾದ ನರ್ಸ್‌ಗಳು. ಆಸ್ಪತ್ರೆಯ ಪ್ರತಿ ಘಟಕಕ್ಕೂ ಕನಿಷ್ಠ ನರ್ಸ್‌ಗಳ ಅನುಪಾತವನ್ನು ಕಡ್ಡಾಯ ಮಾಡುವ ಮಸೂದೆಗೆ ಅಲ್ಲಿನ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದ್ದು 1999ರಲ್ಲಿ. ಹಿಂದೆ ನಿಂತು ತಳ್ಳಿದ್ದು ಕ್ಯಾಲಿಫೋರ್ನಿಯಾ ನರ್ಸಸ್ ಅಸೋಸಿಯೇಷನ್. ಸಂಖ್ಯೆ ಎಷ್ಟಿರಬೇಕೆಂಬ ಜಗ್ಗಾಟ ಮುಂದೆ ವರ್ಷಗಟ್ಟಲೆ ನಡೆಯಿತು. ಸಾಮಾನ್ಯ ವಾರ್ಡ್‌ಗೆ ಆಸ್ಪತ್ರೆ ಮಾಲೀಕರು 1:10 ಸಾಕೆಂದರು, ಯೂನಿಯನ್ 1:3 ಬೇಕೆಂದಿತು. 2004ರ ಜನವರಿ 1ರಿಂದ ಜಾರಿಗೆ ಬಂದ ನಿಯಮ 1:6ರಿಂದ ಶುರುವಾಗಿ ಮರುವರ್ಷ 1:5ಕ್ಕೆ ಇಳಿಯಬೇಕಿತ್ತು. ಐಸಿಯುಗೆ 1:2, ತುರ್ತು ಚಿಕಿತ್ಸೆಗೆ 1:4.

ಆ ನಿಯಮದ ಜೀವ ಇದ್ದದ್ದು ‘ಎಲ್ಲ ಹೊತ್ತಿನಲ್ಲೂ’ ಎಂಬ ಮಾತಿನಲ್ಲಿ. ಐದು ರೋಗಿಗಳ ನರ್ಸ್ ಊಟಕ್ಕೆ ಹೋದರೆ ಆ ಐವರನ್ನು ಯಾರು ನೋಡಿಕೊಳ್ಳಬೇಕು? ಪಕ್ಕದವಳಿಗೆ ವಹಿಸಿದರೆ ಅವಳ ಪಾಲಿಗೆ ಹತ್ತಾಯಿತು, ಕಾನೂನು ಮುರಿಯಿತು. ಊಟಕ್ಕೆ, ಶೌಚಕ್ಕೆ ಹೋಗುವ ಹೊತ್ತನ್ನು ಬಿಟ್ಟುಬಿಡಿ ಎಂದು ಆಸ್ಪತ್ರೆಗಳ ಸಂಘ ಕೋರ್ಟಿಗೆ ಹೋಯಿತು, 2004ರಲ್ಲಿ ಸೋತಿತು. ಮೇಲ್ನೋಟಕ್ಕೆ ಕ್ಷುಲ್ಲಕ ವ್ಯಾಜ್ಯ. ಆದರೆ ಮಧ್ಯಾಹ್ನದ ಊಟವನ್ನು ಸಂಜೆ ಐದಕ್ಕೆ ನಿಂತುಕೊಂಡೇ ಮುಗಿಸಿದವರಿಗೆ, ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಮೂತ್ರಕೋಶದ ಸೋಂಕು ಹತ್ತಿಸಿಕೊಂಡವರಿಗೆ ಆ ತೀರ್ಪಿನ ಬೆಲೆ ಗೊತ್ತು. ಅಂಥವರು ಈ ಸಭೆಯಲ್ಲೂ ಇದ್ದಾರೆ.

ಅಷ್ಟಕ್ಕೇ ನಿಲ್ಲಲಿಲ್ಲ. ಡೇವಿಸ್ ನಂತರ ಗವರ್ನರ್ ಆದ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ 2004ರ ನವೆಂಬರ್‌ನಲ್ಲಿ ತುರ್ತು ಆದೇಶ ಹೊರಡಿಸಿ 1:5ಕ್ಕೆ ಇಳಿಯುವುದನ್ನು ತಡೆದರು. ಯೂನಿಯನ್ ಕೋರ್ಟಿಗೆ ಹೋಗಿ ಗೆದ್ದಿತು. ಅಷ್ಟರಲ್ಲಿ ಆ ಗವರ್ನರ್ ಹೋದ ಸಭೆಗಳಿಗೆಲ್ಲ ಸಮವಸ್ತ್ರದಲ್ಲಿ ನರ್ಸ್‌ಗಳು ಹೋಗತೊಡಗಿದ್ದರು. 2005ರ ನವೆಂಬರ್‌ನಲ್ಲಿ ಅವರು ಜನಮತಕ್ಕಿಟ್ಟ ಪ್ರಸ್ತಾಪಗಳೆಲ್ಲ ಬಿದ್ದುಹೋದವು, ನರ್ಸ್‌ಗಳ ಮೇಲಿನ ಕಾನೂನು ಸಮರವನ್ನೂ ಕೈಬಿಟ್ಟರು. ಪರದೆಯ ಮೇಲೆ ಯಾರಿಗೂ ಸೋಲದಾತ ಇಲ್ಲಿ ಸೋತದ್ದು ಊಟದ ವಿರಾಮವನ್ನೂ ಲೆಕ್ಕ ಹಾಕುವ ಹೆಂಗಸರಿಗೆ.

ಇದರಿಂದ ರೋಗಿಗೇನು ಲಾಭ ಎಂಬ ಪ್ರಶ್ನೆಗೆ ಅಧ್ಯಯನಗಳು ರಾಶಿ ಬಿದ್ದಿವೆ, ಎರಡನ್ನು ಹೇಳುತ್ತೇನೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಮೂವತ್ತು ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಎರಡನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಅಲ್ಲಿ 2016ರಲ್ಲಿ ಹಗಲಿಗೆ 1:4, ರಾತ್ರಿಗೆ 1:7 ಎಂದು ಕಾನೂನು ಮಾಡಿದರು. ಪರಿಣಾಮ ಅಳೆದ ಸಂಶೋಧನೆ 2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸಾವು ಕಡಿಮೆಯಾಗಿತ್ತು, ಆಸ್ಪತ್ರೆಯಲ್ಲಿರುವ ದಿನ ಕಡಿಮೆಯಾಗಿತ್ತು, ಮನೆಗೆ ಹೋದವರು ಮತ್ತೆ ದಾಖಲಾಗುವುದು ಕಡಿಮೆಯಾಗಿತ್ತು. ಹೆಚ್ಚುವರಿ ನರ್ಸ್‌ಗಳಿಗೆ ಸುರಿದ ಹಣದ ಎರಡರಷ್ಟು ಹೀಗೆ ಉಳಿದಿತ್ತು. ‘ನರ್ಸ್ ಖರ್ಚಿನ ಬಾಬತ್ತು’ ಎನ್ನುವ ಹಣಕಾಸು ಅಧಿಕಾರಿಗಳಿಗೆ ಈ ಎರಡನೆಯದನ್ನೇ ತೋರಿಸಿ, ಮೊದಲನೆಯದಕ್ಕೆ ಅವರು ಅಲ್ಲಾಡುವುದಿಲ್ಲ.

ಯೂನಿಯನ್ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಉಳಿತಾಯದ ಗುರಿ ಮುಟ್ಟಲು ನರ್ಸ್ ಹುದ್ದೆಗಳನ್ನು ಕತ್ತರಿಸಿತು. ರೋಗಿಗಳು ಕೊಳೆಯಾದ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದರು, ಕುಡಿಯಲು ನೀರು ಕೊಡುವವರಿರಲಿಲ್ಲ. 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ ಬಂದಾಗ ಆಡಳಿತದ ಜೊತೆಗೆ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಕೂಡ ಟೀಕೆಗೆ ಗುರಿಯಾಯಿತು. ಅಲ್ಲಿ ಅದು ವೃತ್ತಿಸಂಸ್ಥೆಯಾಗಿಯೂ ಯೂನಿಯನ್ ಆಗಿಯೂ ತನ್ನ ಕೆಲಸ ಮಾಡಿರಲಿಲ್ಲ. ಸಂಘ ಅಂದರೆ ಕ್ಯಾಲೆಂಡರು, ಡೈರಿ, ನಿವೃತ್ತರಿಗೆ ಹಾರ ಎಂದು ತಿಳಿದಿರುವ ನಮ್ಮ ಪದಾಧಿಕಾರಿಗಳು ಆ ವರದಿಯ ಆ ಭಾಗವನ್ನು ಓದಬೇಕು.

ಇನ್ನು ನಮ್ಮ ನೆರೆಮನೆ ಕೇರಳ. 2011ರ ಅಕ್ಟೋಬರ್‌ನಲ್ಲಿ ಮುಂಬೈನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೇರಳದ ಯುವ ನರ್ಸ್ ಒಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಅದರ ಬೆನ್ನಿಗೇ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಿಟ್ಟು ಸಿಡಿಯಿತು. ಬಾಂಡ್ ಬರೆಸಿಕೊಳ್ಳುವುದು, ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವುದು, ತಿಂಗಳಿಗೆ ಕೆಲವೇ ಸಾವಿರ ಸಂಬಳ, ಅದರಲ್ಲೇ ಓದಿನ ಬ್ಯಾಂಕ್ ಸಾಲದ ಕಂತು. ಆ ಸಾಲದ ದೊಡ್ಡ ಪಾಲು ಮಾಡಿದ್ದು ಎಲ್ಲಿನ ಓದಿಗೆ? ಬೆಂಗಳೂರು, ಮಂಗಳೂರಿನಂಥ ಕರ್ನಾಟಕದ ಊರುಗಳ ನರ್ಸಿಂಗ್ ಕಾಲೇಜುಗಳಿಗೆ ಕೇರಳದ ಮಕ್ಕಳು ಹಿಂಡುಹಿಂಡಾಗಿ ಬರುತ್ತಿದ್ದ ವರ್ಷಗಳು ಅವು. ಹಾಗಾಗಿ ಆ ಹೋರಾಟದಲ್ಲಿ ನಮಗೂ ಒಂದು ಪಾಲಿದೆ, ಹೆಮ್ಮೆಪಡುವಂಥದ್ದಲ್ಲದ ಪಾಲು. ಅದೇ ವರ್ಷ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಡಿಸೆಂಬರ್ 9ರಂದು ಕೋಲ್ಕತ್ತದ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದಾಗ ಕೇರಳದ ಇಬ್ಬರು ನರ್ಸ್‌ಗಳು ತಮ್ಮ ವಾರ್ಡ್‌ನ ಎಂಟು ರೋಗಿಗಳನ್ನು ಹೊರಗೆ ಸಾಗಿಸಿ, ಒಂಬತ್ತನೆಯವರನ್ನು ತರಲು ಹೋಗಿ ಸತ್ತರು. ಹೊಗಳಿಕೆ ದೇಶದ ತುಂಬ ಬಂತು. ಸಂಬಳ ಕೇಳಿದವರಿಗೆ ಅದೇ ದಿನಗಳಲ್ಲಿ ನೋಟಿಸುಗಳು ಬರುತ್ತಿದ್ದವು. 2012ರ ಆಗಸ್ಟ್‌ನಲ್ಲಿ ಕೇರಳದ ಕೋತಮಂಗಲಂನಲ್ಲಿ, ತಿಂಗಳುಗಟ್ಟಲೆ ಮುಷ್ಕರ ಮಾಡಿ ಬೇಸತ್ತ ಮೂವರು ನರ್ಸ್‌ಗಳು ಆಸ್ಪತ್ರೆಯ ಮಾಳಿಗೆ ಹತ್ತಿ ಹಾರುವುದಾಗಿ ನಿಂತ ಮೇಲೆಯೇ ಮಾತುಕತೆಗೆ ದಾರಿಯಾಯಿತು.

ಈ ನಡುವೆ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಇದೇ ಪ್ರಶ್ನೆಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿ 29ರಂದು ಕೋರ್ಟು ಸಮಿತಿ ರಚಿಸಲು ಕೇಂದ್ರಕ್ಕೆ ಹೇಳಿತು. ಸಮಿತಿಯ ಶಿಫಾರಸು ಸರಳವಾಗಿತ್ತು: ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಆ ರಾಜ್ಯದ ಸರ್ಕಾರಿ ನರ್ಸ್‌ನ ಸಂಬಳವೇ ಸಿಗಬೇಕು. ನೂರರಿಂದ ಇನ್ನೂರು ಹಾಸಿಗೆಯಿದ್ದರೆ ಶೇ. 10ಕ್ಕಿಂತ, ಐವತ್ತರಿಂದ ನೂರಿದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಅದಕ್ಕೂ ಚಿಕ್ಕದಾದರೆ ಕನಿಷ್ಠ 20,000 ರೂಪಾಯಿ. ಜಾರಿ ರಾಜ್ಯಗಳಿಗೆ ಬಿಟ್ಟದ್ದು. ಕೇರಳ 2018ರ ಏಪ್ರಿಲ್‌ನಲ್ಲಿ 20,000ದ ಕನಿಷ್ಠ ವೇತನದ ಆದೇಶ ಹೊರಡಿಸಿತು. ನರ್ಸ್‌ಗಳು ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡಬೇಕಿದ್ದ ಮುನ್ನಾದಿನ. ಯಾವ ಕಾರಣಕ್ಕೆ ಆದೇಶ ಆ ದಿನವೇ ಬಂತು ಎಂದು ನಾನು ವಿವರಿಸಬೇಕಿಲ್ಲ.

‘ನರ್ಸ್‌ಗೂ ಕಾರ್ಮಿಕ ಕಾನೂನಿಗೂ ಏನು ಸಂಬಂಧ’ ಎಂದು ಕೇಳುವವರಿಗೆ ನಮ್ಮ ಬೆಂಗಳೂರಿನದ್ದೇ ಒಂದು ಮೊಕದ್ದಮೆ ನೆನಪಿಸಬೇಕು. ಆಸ್ಪತ್ರೆಯೂ ಕೈಗಾರಿಕೆ ಎಂದು ಸುಪ್ರೀಂ ಕೋರ್ಟು 1960ರಲ್ಲಿ ಹೇಳಿತ್ತು, 1970ರಲ್ಲಿ ಅಲ್ಲ ಎಂದಿತು. 1978ರಲ್ಲಿ ಬೆಂಗಳೂರು ಜಲಮಂಡಳಿ ಮತ್ತು ಅದರ ನೌಕರ ಎ. ರಾಜಪ್ಪ ಅವರ ನಡುವಿನ ವ್ಯಾಜ್ಯದಲ್ಲಿ ಏಳು ನ್ಯಾಯಾಧೀಶರ ಪೀಠ, ವಿ.ಆರ್. ಕೃಷ್ಣ ಅಯ್ಯರ್ ಅವರ ಲೇಖನಿಯಿಂದ, ಮತ್ತೆ ಹೌದು ಎಂದಿತು. ನಲ್ಲಿ ನೀರಿನ ಮಂಡಳಿಯ ಜಗಳ ದೇಶದ ಆಸ್ಪತ್ರೆ ನೌಕರರಿಗೆಲ್ಲ ಕೈಗಾರಿಕಾ ವಿವಾದ ಕಾಯ್ದೆಯ ಬಾಗಿಲು ತೆರೆಯಿತು. ಈಗ ಆ ಬಾಗಿಲು ಅರ್ಧ ಮುಚ್ಚಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ, ದಾನಧರ್ಮದ ಸಂಸ್ಥೆಗಳು ನಡೆಸುವ ಘಟಕಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಮ್ಮ ಜಿಲ್ಲೆಗಳಲ್ಲಿ ಟ್ರಸ್ಟಿನ ಹೆಸರಿನ ಆಸ್ಪತ್ರೆ ಎಷ್ಟಿವೆ, ಅಲ್ಲಿನ ಬಿಲ್ಲು ಎಷ್ಟು ಧರ್ಮಾರ್ಥವಾಗಿರುತ್ತದೆ ಎಂಬುದು ನಿಮಗೆ ತಿಳಿದದ್ದೇ. ಈ ಹೊಸ ವ್ಯಾಖ್ಯೆಯ ಅರ್ಥವನ್ನು ಕೋರ್ಟುಗಳಲ್ಲಿ ಬಿಡಿಸಬೇಕಾಗುತ್ತದೆ, ಸಂಘಗಳು ಈಗಲೇ ವಕೀಲರನ್ನು ನೋಡಿಟ್ಟುಕೊಳ್ಳಲಿ.

ಮುಷ್ಕರದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ರೋಗಿಯನ್ನು ಬಿಟ್ಟು ಹೋಗುವುದು ಸರಿಯೇ? ಸರಿಯಲ್ಲ, ಹಾಗೆ ಹೋಗುವವರೂ ವಿರಳ. 2022ರ ಡಿಸೆಂಬರ್ 15ರಂದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ನೂರು ವರ್ಷ ದಾಟಿದ ಚರಿತ್ರೆಯಲ್ಲೇ ಅಷ್ಟು ದೊಡ್ಡ ಮುಷ್ಕರವನ್ನು ಮೊದಲ ಬಾರಿ ಮಾಡಿದಾಗ ಐಸಿಯು, ಡಯಾಲಿಸಿಸ್, ಕೀಮೋಥೆರಪಿಗಳಿಗೆ ನರ್ಸ್‌ಗಳನ್ನು ಬಿಟ್ಟುಕೊಟ್ಟಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಉಪಾಯ ನನಗೆ ಹೆಚ್ಚು ಹಿಡಿಸಿತು. 2000ದಲ್ಲೇ ಇಪ್ಪತ್ತು ರೋಗಿಗೆ ಐವರು ನರ್ಸ್ ಎಂಬ ಅನುಪಾತ ಗೆದ್ದ ಅಲ್ಲಿನ ಸಂಘಟನೆ, 2007ರಲ್ಲಿ ಅದಕ್ಕೆ ಕುತ್ತು ಬಂದಾಗ ನಾಲ್ಕರಲ್ಲೊಂದು ಹಾಸಿಗೆಯನ್ನು ಮುಚ್ಚಿತು. ಇರುವ ರೋಗಿಯ ಶುಶ್ರೂಷೆ ನಡೆಯುತ್ತದೆ, ಖಾಲಿಯಾದ ಹಾಸಿಗೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮುಷ್ಕರದ ಮಾತೆತ್ತಿದೊಡನೆ ಎಸ್ಮಾ, ಅಂದರೆ ಅಗತ್ಯ ಸೇವೆಗಳ ಕಾಯ್ದೆ, ಹೊರಬರುತ್ತದೆ. ಅಗತ್ಯ ಸೇವೆ ಎನ್ನುವುದು ಒಪ್ಪಿದ ಮಾತು. ಅಗತ್ಯ ಸೇವೆಯ ಹುದ್ದೆಯನ್ನು ವರ್ಷಗಟ್ಟಲೆ ಖಾಲಿ ಇಟ್ಟವರ ಮೇಲೆ, ಗುತ್ತಿಗೆಯಲ್ಲೇ ಹತ್ತು ವರ್ಷ ತಳ್ಳಿದವರ ಮೇಲೆ ಯಾವ ಕಾಯ್ದೆ ಹಾಕೋಣ?

ಭದ್ರತೆಯ ಮಾತಿಗೆ ಬರುತ್ತೇನೆ. ಇಲ್ಲಿ ಒಬ್ಬಳ ಹೆಸರು ಹೇಳಲೇಬೇಕು. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್. 1973ರ ನವೆಂಬರ್ 27ರ ಸಂಜೆ ಪಾಳಿ ಮುಗಿಸಿ, ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಇಳಿದಾಗ ಅದೇ ಆಸ್ಪತ್ರೆಯ ನೌಕರನೊಬ್ಬ ದಾಳಿ ಮಾಡಿದ. ನಾಯಿಯ ಸರಪಳಿಯಿಂದ ಕೊರಳು ಬಿಗಿದ. ಮಿದುಳಿಗೆ ಆಮ್ಲಜನಕ ನಿಂತು ಆಕೆ ಮತ್ತೆ ಏಳಲಿಲ್ಲ. ಅಪರಾಧಿಗೆ ಹಲ್ಲೆ ಮತ್ತು ದರೋಡೆಗಷ್ಟೇ ಶಿಕ್ಷೆಯಾಯಿತು, ಏಳು ವರ್ಷ.

ಕರ್ನಾಟಕದಲ್ಲಿ ಈ ಕಥೆ ದಯಾಮರಣದ ಚರ್ಚೆಯಾಗಿ ಗೊತ್ತು. ಅದರ ಇನ್ನೊಂದು ಮುಖ ಕಡಿಮೆ ಜನರಿಗೆ ಗೊತ್ತು. ದಾಳಿಯಾದ ಕೂಡಲೇ ಮುಂಬೈನ ನರ್ಸ್‌ಗಳು ಮುಷ್ಕರ ಹೂಡಿದರು. ಅರುಣಾಳಿಗೆ ಸರಿಯಾದ ಆರೈಕೆ ಬೇಕು, ನಮಗೆ ಸುರಕ್ಷಿತ ಕೆಲಸದ ಜಾಗ ಬೇಕು ಎಂದು. ಎಂಬತ್ತರ ದಶಕದಲ್ಲಿ ಮುಂಬೈ ಪಾಲಿಕೆ ಹಾಸಿಗೆ ಖಾಲಿ ಮಾಡಿಸಲು ಆಕೆಯನ್ನು ಬೇರೆಡೆ ಸಾಗಿಸಲು ಹೊರಟಾಗಲೂ ಅಡ್ಡ ನಿಂತವರು ನರ್ಸ್‌ಗಳೇ. ನಂತರ ಬಂದ ಬ್ಯಾಚುಗಳು, ಆಕೆ ನಡೆದಾಡಿದ್ದನ್ನು ಕಾಣದ ಹುಡುಗಿಯರು, ಪಾಳಿಯ ಮೇಲೆ ಪಾಳಿ ನೋಡಿಕೊಂಡರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆಕೆಯ ಪರವಾಗಿ ಮಾತಾಡುವ ಹಕ್ಕು ಕೆಇಎಂ ಸಿಬ್ಬಂದಿಯದ್ದು ಎಂದಿತು. ಅಷ್ಟು ವರ್ಷ ಮಲಗಿದಲ್ಲೇ ಇದ್ದರೂ ಒಂದು ಹಾಸಿಗೆ ಹುಣ್ಣೂ ಆಗಿಲ್ಲ ಎಂಬುದನ್ನು ಗುರುತಿಸಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು. ನರ್ಸಿಂಗ್ ಬಲ್ಲವರಿಗೆ ಆ ಹುಣ್ಣಿನ ಮಾತು ಸಣ್ಣದಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ದಿನಕ್ಕೆ ಹನ್ನೆರಡು ಸಲ, ಪ್ರತಿ ಸಲ ಇಬ್ಬರ ಕೈ. ಹದಿನೈದು ರೋಗಿಗಳಿಗೆ ಒಬ್ಬಳಿರುವ ವಾರ್ಡ್‌ನಲ್ಲಿ ಅದು ಆಗುವ ಕೆಲಸವಲ್ಲ, ಸೇವಾಭಾವ ಎಷ್ಟೇ ಇರಲಿ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಕೊಲೆಯ ನಂತರ ಸುಪ್ರೀಂ ಕೋರ್ಟು ಅರುಣಾ ಪ್ರಕರಣವನ್ನು ನೆನೆದು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಹೆಸರಿಸಿದ ತಜ್ಞರಲ್ಲಿ ನಮ್ಮ ನಿಮ್ಹಾನ್ಸ್‌ನ ಅಂದಿನ ನಿರ್ದೇಶಕಿ ಪ್ರತಿಮಾ ಮೂರ್ತಿ ಅವರೂ ಇದ್ದರು, ಒಳ್ಳೆಯದೇ. ಆದರೆ ಆ ತಜ್ಞರೆಲ್ಲ ವೈದ್ಯರು. ನೆನೆದದ್ದು ನರ್ಸ್‌ನ ದುರಂತವನ್ನು, ಮೇಜಿನ ಸುತ್ತ ನರ್ಸ್‌ಗೆ ಕುರ್ಚಿಯಿಲ್ಲ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರ ಕಾಯ್ದೆಯಿದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ. ಅದು ಹೊಡೆದ ಮೇಲೆ ಕೇಸು ಹಾಕುವ ಕಾಯ್ದೆ. ಬಟ್ಟೆ ಬದಲಾಯಿಸಲು ಬೀಗವಿರುವ ಕೋಣೆ, ಬ್ಲಾಕಿನಿಂದ ಬ್ಲಾಕಿಗೆ ಹೋಗುವ ದಾರಿಯ ದೀಪ, ರಾತ್ರಿ ಎಂಟಕ್ಕೆ ಪಾಳಿ ಬಿಟ್ಟವಳಿಗೆ ವಾಹನ, ಇವು ಅದರಲ್ಲಿಲ್ಲ. ಇವು ಯೂನಿಯನ್ನಿನ ಸುತ್ತೋಲೆಯಲ್ಲಿರುತ್ತವೆ. ಮತ್ತೊಂದು ಮಾತು. ‘ನರ್ಸ್ ಬರಲೇ ಇಲ್ಲ’ ಎಂದು ಸಿಟ್ಟಾದ ರೋಗಿಯ ಕಡೆಯವರು ಕೈಯೆತ್ತುವುದು ಇದ್ದ ಒಬ್ಬಳ ಮೇಲೆ. ಬರಬೇಕಿದ್ದ ಇನ್ನೊಬ್ಬಳ ಹುದ್ದೆಯನ್ನು ತಡೆದವರು ಆ ಹೊತ್ತಿಗೆ ಮನೆಯಲ್ಲಿ ನಿದ್ದೆಯಲ್ಲಿರುತ್ತಾರೆ.

ಕೊನೆಗೆ, ನಾಳೆಯೇ ಮಾಡಬಹುದಾದ ಒಂದು ಕೆಲಸ. ಫ್ರಾನ್ಸಿಸ್ ವರದಿಯ ನಂತರ ಇಂಗ್ಲೆಂಡಿನ ಆಸ್ಪತ್ರೆಗಳು ವಾರ್ಡ್‌ನ ಬಾಗಿಲಲ್ಲೇ ಬೋರ್ಡು ಹಾಕತೊಡಗಿದವು: ಈ ಪಾಳಿಗೆ ಇರಬೇಕಾದ ನರ್ಸ್‌ಗಳು ಇಷ್ಟು, ಇರುವವರು ಇಷ್ಟು. ನಮ್ಮ ಸಂಘಗಳು ಇದನ್ನು ಕೇಳಲಿ. ಮೂರೇ ಸಾಲು ಸಾಕು: ಹಾಸಿಗೆಯಲ್ಲಿರುವ ರೋಗಿಗಳು, ಇರಬೇಕಾದ ನೋಂದಾಯಿತ ನರ್ಸ್‌ಗಳು, ಈಗ ಇರುವವರು. ವಿದ್ಯಾರ್ಥಿಗಳನ್ನು ಎಣಿಸಕೂಡದು, ಇನ್ನೊಂದು ವಾರ್ಡ್‌ಗೆ ಕಳಿಸಿದವರನ್ನು ಎಣಿಸಕೂಡದು. ಬರೆಯುವುದು, ಸಹಿ ಹಾಕುವುದು ಇನ್‌ಚಾರ್ಜ್ ಸಿಸ್ಟರ್. ಆಡಳಿತ ಕಚೇರಿಯ ಗುಮಾಸ್ತರಲ್ಲ. ತಿಂಗಳ ಕೊನೆಗೆ ಆ ಅಂಕಿಗಳ ಪ್ರತಿ ಸಂಘಕ್ಕೆ ಸಿಗಬೇಕು.

ಈ ಮಾತನ್ನು ಆಡಳಿತದಲ್ಲಿರುವ ಪರಿಚಿತರೊಬ್ಬರ ಮುಂದೆ ಇಟ್ಟಾಗ ಅವರು ಹೇಳಿದ್ದು, ‘ಜನಕ್ಕೆ ಗಾಬರಿಯಾಗುತ್ತೆ ಮೇಡಂ.’ ಆಗಲಿ ಎಂದೆ. ಹಾಸಿಗೆಯ ಬಾಡಿಗೆ ಎಷ್ಟೆಂದು ಬೋರ್ಡು ಹಾಕಿದಾಗ ಆಗುವ ಗಾಬರಿಗಿಂತ ಹೆಚ್ಚಾಗಲಾರದು. ಸಭೆಯ ಅಧ್ಯಕ್ಷರು ಪ್ರಶ್ನೆಗಳಿಗೆ ಸಮಯ ಇಟ್ಟಿದ್ದಾರೆ. ರಾತ್ರಿ ಡ್ಯೂಟಿಗೆ ಹೋಗಬೇಕಾದವರು ಮೊದಲು ಕೇಳಲಿ.